ಸವಕಳಿ: ಒಂದು ಪಿನ್ ಗನ್ನು ಕಲಿಸಿದ ಪಾಠ

ಅರ್ಥಶಾಸ್ತ್ರದ ತರಗತಿಯಲ್ಲಿ 'ಸವಕಳಿ' ಎಂಬ ವಿಷಯ ಬಂದ ದಿನ ನನ್ನ ಮನಸ್ಸು ಪಾಠದಲ್ಲಿರಲಿಲ್ಲ. ಅರಸೀಕೆರೆಯ ನಮ್ಮ ಕುಷನ್ ಅಂಗಡಿಯಲ್ಲಿತ್ತು. ಬಳಕೆಯಿಂದಲೂ ಕಾಲದಿಂದಲೂ ಯಂತ್ರವು ತನ್ನ ಬೆಲೆಯನ್ನು ಕಳೆದುಕೊಳ್ಳುತ್ತಾ ಹೋಗುವುದೇ ಸವಕಳಿ ಎಂದು ಅಧ್ಯಾಪಕರು ವಿವರಿಸುತ್ತಿದ್ದರು. ಅಂದಿನ ಬೆಳಿಗ್ಗೆಯೇ ನಮ್ಮ ಅಂಗಡಿಯ ಪಿನ್ ಗನ್ನು ಮತ್ತೊಮ್ಮೆ ಕೆಟ್ಟು ಕುಳಿತಿತ್ತು. ಸವೆದ ಯಂತ್ರವನ್ನು ದುರಸ್ತಿ ಮಾಡಬೇಕೋ, ಹೊಸದನ್ನು ಕೊಳ್ಳಬೇಕೋ ಎಂಬುದು ಸಣ್ಣ ಕಸುಬುದಾರನಿಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ. ಅದಕ್ಕೆ ನಾನು ತಡವಾಗಿ ಕಂಡುಕೊಂಡ ಉತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಸುಬು ಮತ್ತು ಉಪಕರಣ

ಕುರ್ಚಿ, ಸೋಫಾ, ವಾಹನಗಳ ಸೀಟು ಇವುಗಳಿಗೆ ಮೆತ್ತೆ ಕೂರಿಸಿ, ರೆಕ್ಸಿನ್ನನ್ನೋ ಬಟ್ಟೆಯನ್ನೋ ಬಿಗಿಯಾಗಿ ಹೊದಿಸುವುದು ನಮ್ಮ ಕಸುಬು. ನಮ್ಮ ತಂದೆಯವರು ಕೆಲಸ ಕಲಿತ ಕಾಲದಲ್ಲಿ ಮೆತ್ತೆಗೆ ಹೆಚ್ಚಾಗಿ ತೆಂಗಿನ ನಾರನ್ನೇ ತುಂಬುತ್ತಿದ್ದರಂತೆ. ನಮ್ಮ ಸೀಮೆಯಲ್ಲಿ ತೆಂಗಿಗೇನು ಕೊರತೆ? ಇಂದು ಆ ಜಾಗಕ್ಕೆ ಫೋಮು ಬಂದಿದೆ. ೧೯೩೭ರಲ್ಲಿ ಜರ್ಮನಿಯ ಆಟೋ ಬೇಯರ್ ಎಂಬ ರಸಾಯನಶಾಸ್ತ್ರಜ್ಞನು ಕಂಡುಹಿಡಿದ ಪಾಲಿಯುರಿಥೇನ್ ಎಂಬ ವಸ್ತುವಿನಿಂದಲೇ ಈ ಫೋಮು ತಯಾರಾಗುತ್ತದೆ.

ಮೆತ್ತೆ ಯಾವುದಾದರೇನು, ಹೊದಿಕೆಯನ್ನು ಮರಕ್ಕೆ ಹೊಡೆದು ನಿಲ್ಲಿಸಲೇಬೇಕು. ಹಿಂದೆ ಇದಕ್ಕೆ ಸಣ್ಣ ಮೊಳೆಗಳೇ ಗತಿ. ಎಡಗೈ ರೆಕ್ಸಿನ್ನನ್ನು ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ. ಮೊಳೆ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಆದುದರಿಂದ ತಂದೆಯವರು ಮೊಳೆಗಳನ್ನು ಬಾಯಿಯಲ್ಲಿ ತುಂಬಿಕೊಂಡು, ನಾಲಿಗೆಯಿಂದ ಒಂದೊಂದಾಗಿ ತುಟಿಗೆ ತಂದುಕೊಳ್ಳುತ್ತಿದ್ದರು. ಅವರ ಮುಂದಿನ ಒಂದು ಹಲ್ಲಿನ ತುದಿ ಇದರಿಂದಲೇ ಸವೆದಿದೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಗಾಳಿಯಿಂದ ನಡೆಯುವ ಪಿನ್ ಗನ್ನನ್ನೂ ಅದಕ್ಕೆ ಬೇಕಾದ ಕಂಪ್ರೆಸರನ್ನೂ ಅವರು ತಂದರು. ಅಂದಿನಿಂದ ಸುತ್ತಿಗೆಯು ಮೂಲೆ ಸೇರಿತು.

ಗನ್ನಿನ ರಚನೆ

ಕಂಪ್ರೆಸರು ಗಾಳಿಯನ್ನು ಒತ್ತಿ ಟ್ಯಾಂಕಿನಲ್ಲಿ ತುಂಬುತ್ತದೆ. ಅಲ್ಲಿಂದ ರಬ್ಬರ್ ಕೊಳವೆಯ ಮೂಲಕ ಆ ಗಾಳಿ ಗನ್ನಿನ ಹಿಡಿಯೊಳಗೆ ಬಂದು ಕಾದಿರುತ್ತದೆ. ಕುದುರೆ ಒತ್ತಿದೊಡನೆ ವಾಲ್ವು ತೆರೆದು, ಗಾಳಿಯು ಸಿಲಿಂಡರಿನೊಳಗಿನ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ನಿಗೆ ಕೂಡಿಸಿದ ಚಪ್ಪಟೆಯಾದ ಉಕ್ಕಿನ ಬ್ಲೇಡು, ಸಾಲಾಗಿ ಅಂಟಿಕೊಂಡಿರುವ ಪಿನ್ನುಗಳಲ್ಲಿ ಒಂದನ್ನು ಮುರಿದು ಮರದೊಳಕ್ಕೆ ಹೊಡೆಯುತ್ತದೆ. ನಮ್ಮ ಗನ್ನಿನ ಪಿಸ್ಟನ್ನು ಸುಮಾರು ೩ ಸೆಂಟಿಮೀಟರ್ ಅಡ್ಡಗಲದ್ದು. ಎಂದರೆ ಅದರ ಮುಖದ ವಿಸ್ತೀರ್ಣ ೭ ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ ೬ ಕಿಲೋಗ್ರಾಮ್ ಒತ್ತಡವಿದ್ದರೆ ಒಟ್ಟು ೪೨ ಕಿಲೋಗ್ರಾಮ್ ಬಲ ಅದರ ಮೇಲೆ ಬೀಳುತ್ತದೆ. ಅಂಗೈಯಲ್ಲಿ ಹಿಡಿಯುವ ಉಪಕರಣಕ್ಕೆ ಇದು ಸಾಮಾನ್ಯವಾದ ಬಲವಲ್ಲ.

ಈ ಬಲವೆಲ್ಲ ನಿಂತಿರುವುದು ಪಿಸ್ಟನ್ನಿನ ಸುತ್ತ ಇರುವ ಒಂದು ರಬ್ಬರ್ ಉಂಗುರದ ಮೇಲೆ. ಇದನ್ನು ಓರಿಂಗ್ ಎನ್ನುತ್ತಾರೆ. ಅದು ಸವೆದರೆ ಗಾಳಿ ಪಕ್ಕದಿಂದ ಜಾರಿ ಹೋಗುತ್ತದೆ, ಪೆಟ್ಟು ಸೊರಗುತ್ತದೆ.

ಸವಕಳಿಯ ಲಕ್ಷಣಗಳು

ಮೊದಲನೆಯದಾಗಿ, ಕುದುರೆ ಒತ್ತದಿದ್ದರೂ ಗನ್ನಿನಿಂದ 'ಸುಯ್' ಎಂಬ ಶಬ್ದ ಬರುತ್ತಿದ್ದರೆ ಯಾವುದೋ ಉಂಗುರ ಹೋಗಿದೆಯೆಂದು ತಿಳಿಯಬೇಕು. ಸೋಪಿನ ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಎರಡನೆಯದಾಗಿ, ಒಂದು ಪಿನ್ನಿಗೆ ಬದಲು ಎರಡು ಬಂದು ಸಿಕ್ಕಿಕೊಂಡರೆ, ಇಲ್ಲವೆ ಪಿನ್ನು ಸೊಟ್ಟಗಾದರೆ, ಬ್ಲೇಡಿನ ತುದಿಯನ್ನು ನೋಡಬೇಕು. ಮೂರನೆಯದಾಗಿ, ಪಿನ್ನು ಪೂರ್ತಿ ಇಳಿಯದೆ ತಲೆ ಎತ್ತಿ ನಿಂತರೆ ಒತ್ತಡ ಕಡಿಮೆಯಿರಬಹುದು, ಉಂಗುರ ಸವೆದಿರಬಹುದು, ಮರವೇ ಗಟ್ಟಿಯಾಗಿರಲೂಬಹುದು. ಏನನ್ನೇ ಬಿಚ್ಚುವ ಮೊದಲು ಗಾಳಿಯ ಕೊಳವೆಯನ್ನು ಕಳಚಿಡುವುದನ್ನು ಮರೆಯಬಾರದು.

ಇಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾವೂ ಮಾಡಿದೆವು. ಪೆಟ್ಟು ಸೊರಗಿತೆಂದು ಕಂಪ್ರೆಸರಿನ ಒತ್ತಡವನ್ನು ಏರಿಸಿದೆವು. ಒಂದು ವಾರ ಪಿನ್ನು ಚೆನ್ನಾಗಿಯೇ ಇಳಿಯಿತು. ಆದರೆ ಹೆಚ್ಚಿನ ಒತ್ತಡದಿಂದ ಉಳಿದ ಭಾಗಗಳೂ ಬೇಗ ಸವೆಯುತ್ತವೆ. ಹಸಿದ ಎತ್ತಿಗೆ ಮೇವಿನ ಬದಲು ಚಾಟಿ ಕೊಟ್ಟಂತೆ ಇದು.

ಮೂರು ದುರಸ್ತಿಗಳು

ನಾನು ಬಿ.ಎ. ಮೊದಲ ವರ್ಷಕ್ಕೆ ಸೇರಿದಾಗ ಗನ್ನಿಗೆ ಐದು ವರ್ಷ. ಆಗ ಮೊದಲ ಸಲ ಉಂಗುರ ಬದಲಾಯಿಸಿದೆವು. ಅದು ಒಂದು ವರ್ಷ ಬಾಳಿತು. ಎರಡನೆಯ ಸಲ ಹಾಕಿದ್ದು ನಾಲ್ಕು ತಿಂಗಳು ಬಂತು. ಮೂರನೆಯದು ಹನ್ನೊಂದೇ ದಿನ.

ಆ ಹನ್ನೊಂದನೆಯ ದಿನ ಮದುವೆ ಛತ್ರವೊಂದರ ೬೦ ಕುರ್ಚಿಗಳು ಅಂಗಡಿಯ ತುಂಬ ನಿಂತಿದ್ದವು. ಮರುದಿನವೇ ಒಪ್ಪಿಸಬೇಕು. ನಾನು ಕಾಲೇಜಿನಿಂದ ಸಂಜೆಯ ರೈಲಿಗೆ ಬಂದು ನೋಡಿದರೆ, ತಂದೆಯವರು ನೆಲದ ಮೇಲೆ ಕುಳಿತು, ಬಾಯಿ ತುಂಬ ಮೊಳೆ ತುಂಬಿಕೊಂಡು ಸುತ್ತಿಗೆ ಹಿಡಿದಿದ್ದರು. ಬಾಯಿಯಲ್ಲಿ ಮೊಳೆ ಇದ್ದುದರಿಂದ ನನ್ನೊಡನೆ ಮಾತನಾಡಲಿಲ್ಲ. ಕಣ್ಣಿನಲ್ಲೇ ಊಟ ಮಾಡಿಕೊಳ್ಳೆಂದು ಸನ್ನೆ ಮಾಡಿದರು. ಅಂದು ಬೆಳಗಿನ ಜಾವದವರೆಗೆ ಇಬ್ಬರೂ ಮೊಳೆ ಹೊಡೆದೆವು.

ಮಾರನೆಯ ದಿನ ಗನ್ನನ್ನು ಬಿಚ್ಚಿ ಸಿಲಿಂಡರಿನ ಒಳಗೋಡೆಯನ್ನು ಬಟ್ಟೆಯಿಂದ ಒರೆಸಿದೆ. ಬಟ್ಟೆಗೆ ತುಕ್ಕಿನ ಬಣ್ಣ ಹತ್ತಿತು. ಉಗುರಾಡಿಸಿದರೆ ಉದ್ದುದ್ದ ಗೀರುಗಳು ಸಿಕ್ಕಿದವು. ಎಷ್ಟು ಹೊಸ ಉಂಗುರ ಹಾಕಿದರೂ ಆ ಗೀರುಗಳು ಅದನ್ನು ಕೊಯ್ಯುತ್ತಿದ್ದವು. ಹಾಗಾದರೆ ತುಕ್ಕು ಎಲ್ಲಿಂದ ಬಂತು?

ಗಾಳಿಯಲ್ಲಿ ಯಾವಾಗಲೂ ನೀರಾವಿ ಇರುತ್ತದೆ. ಏಳು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತಿ, ಅದು ತಣ್ಣಗಾಗಲು ಬಿಟ್ಟರೆ, ಅಷ್ಟೂ ಆವಿ ಆವಿಯಾಗಿಯೇ ಉಳಿಯಲಾರದು; ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ಆದುದರಿಂದಲೇ ಟ್ಯಾಂಕಿನ ಅಡಿಯಲ್ಲಿ ಒಂದು ತಿರುಪು ಇರುತ್ತದೆ. ದಿನದ ಕೆಲಸ ಮುಗಿದ ಮೇಲೆ ಕಂಪ್ರೆಸರ್ ನಿಲ್ಲಿಸಿ, ಸ್ವಲ್ಪ ಒತ್ತಡ ಉಳಿದಿರುವಾಗ ಅದನ್ನು ಮೆಲ್ಲಗೆ ಸಡಿಲಿಸಿ ನೀರನ್ನು ಹೊರಬಿಡಬೇಕು. ಬಿಡದಿದ್ದರೆ ಟ್ಯಾಂಕು ಒಳಗೇ ತುಕ್ಕು ಹಿಡಿದು, ಆ ನೀರೂ ತುಕ್ಕಿನ ಪುಡಿಯೂ ಗಾಳಿಯೊಡನೆ ಗನ್ನಿಗೆ ಹೋಗುತ್ತವೆ.

ನಾನು ತಿರುಪನ್ನು ಸಡಿಲಿಸಿದೆ. ಕೆಂಪು ನೀರು ಚಿಮ್ಮಿತು. ಚೊಂಬು ತುಂಬಿತು, ಮತ್ತೆ ಬಕೆಟ್ಟು ಇಡಬೇಕಾಯಿತು.

ಆ ತಿರುಪಿನ ಕೆಲಸ ಹೈಸ್ಕೂಲಿನ ಕಾಲದಿಂದ ನನ್ನದೇ ಆಗಿತ್ತು. ನೆಲಕ್ಕೆ ಮೊಣಕಾಲೂರಿ, ಕೈ ಮಸಿ ಮಾಡಿಕೊಂಡು ಮಾಡಬೇಕಾದ ಕೆಲಸ. ಕಾಲೇಜಿಗೆ ಸೇರಿದ ಮೇಲೆ ನಾನು ಅದನ್ನು ಬಿಟ್ಟುಬಿಟ್ಟೆ. ರೈಲಿನಲ್ಲಿ ಬಂದು ದಣಿದಿದ್ದೇನೆಂಬುದು ಒಂದು ನೆಪ, ಬಿ.ಎ. ಓದುವವನಿಗೆ ಇದೇಕೆಂಬ ಭಾವನೆಯೇ ನಿಜ. ಇನ್ನೂ ನಾನೇ ಮಾಡುತ್ತಿದ್ದೇನೆಂದು ಉಳಿದವರು ತಿಳಿದಿದ್ದರು. ಬಕೆಟ್ಟಿನ ನೀರನ್ನು ನೋಡಿ ತಂದೆಯವರಿಗೂ ಎಲ್ಲ ಅರ್ಥವಾಯಿತು. "ಹೋಗ್ಲಿ ಬಿಡು ಮಗ, ನಿಂಗೂ ಓದೋದು ಇತ್ತಲ್ಲ" ಎಂದಷ್ಟೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ದುರಸ್ತಿಯೋ, ಬದಲಿಯೋ?

ಇನ್ನೊಂದು ಸಲ ಉಂಗುರ ಹಾಕಿ ನೋಡೋಣವೆಂದು ತಂದೆಯವರ ಅಭಿಪ್ರಾಯ. "ಇಷ್ಟು ದುಡ್ಡು ಸುರಿದಿದ್ದೀವಿ, ಈಗ ಎಸೆಯೋದು ಹೆಂಗೆ?" ಎಂದರು. ನಾನು ತರಗತಿಯಲ್ಲಿ ಕಲಿತದ್ದನ್ನು ಹೇಳಿದೆ: "ಅಪ್ಪ, ಸುರಿದದ್ದು ಹೋಯ್ತು. ಎಸೆದರೂ ಬರಲ್ಲ, ಇಟ್ಟುಕೊಂಡರೂ ಬರಲ್ಲ. ಇನ್ನು ಮುಂದೆ ಎಷ್ಟು ಹೋಗುತ್ತೆ ಅನ್ನೋದೇ ಲೆಕ್ಕ."

ಕಾಗದದ ಮೇಲೆ ಲೆಕ್ಕ ಬರೆದೆ. ಒಂದು ದುರಸ್ತಿಗೆ ಉಂಗುರಕ್ಕೆ ೧೫೦ ರೂಪಾಯಿ; ಅರ್ಧ ದಿನದ ಕೆಲಸ ನಿಂತ ನಷ್ಟ ೯೦೦; ಒಟ್ಟು ೧,೦೫೦. ಮೊದಲ ದುರಸ್ತಿ ೩೦೦ ಕೆಲಸದ ದಿನ ಬಾಳಿತು. ದಿನಕ್ಕೆ ಮೂರೂವರೆ ರೂಪಾಯಿ ಬಿತ್ತು. ಎರಡನೆಯದು ೧೦೦ ದಿನ, ದಿನಕ್ಕೆ ಹತ್ತೂವರೆ. ಮೂರನೆಯದು ೧೧ ದಿನ. ದಿನಕ್ಕೆ ೯೫ ರೂಪಾಯಿ! ಹೊಸ ಗನ್ನಿಗೆ ೨,೬೦೦, ನೀರು ಸೋಸುವ ಫಿಲ್ಟರಿಗೆ ೭೦೦, ಬೆಂಗಳೂರಿಗೆ ಹೋಗಿಬರುವ ಖರ್ಚೂ ಒಂದು ದಿನದ ನಷ್ಟವೂ ಸೇರಿ ೨,೦೦೦, ಒಟ್ಟು ೫,೩೦೦. ನಾಲ್ಕೇ ವರ್ಷ, ಎಂದರೆ ೧,೨೦೦ ದಿನ ಬಂದರೂ ದಿನಕ್ಕೆ ನಾಲ್ಕೂವರೆ ರೂಪಾಯಿಗಿಂತ ಕಡಿಮೆ.

ಈ ಲೆಕ್ಕದಿಂದ ತಿಳಿಯುವುದೇನು? ಮೊದಲ ದುರಸ್ತಿ ಜಾಣತನ, ಮೂರನೆಯದು ದಂಡ. ಸವೆಯುವುದಕ್ಕೆಂದೇ ಮಾಡಿದ ಉಂಗುರ, ಬ್ಲೇಡು, ಸ್ಪ್ರಿಂಗುಗಳು ಸವೆದರೆ ದುರಸ್ತಿಯೇ ಸರಿ. ಅವುಗಳನ್ನು ಹಿಡಿದಿರುವ ಒಡಲೇ ಸವೆದರೆ ಬದಲಿಸುವುದು ಸರಿ. ಒಂದು ದುರಸ್ತಿಗೂ ಮುಂದಿನ ದುರಸ್ತಿಗೂ ನಡುವಿನ ಕಾಲ ಕುಗ್ಗುತ್ತಾ ಬಂದರೆ ಅದೇ ಎಚ್ಚರಿಕೆ.

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಿಂದ ಗನ್ನೂ ಫಿಲ್ಟರೂ ಬಂದವು. ಆದರೆ ಅವನ್ನು ಜೋಡಿಸುವ ಮೊದಲು ಟ್ಯಾಂಕನ್ನು ಪರೀಕ್ಷೆ ಮಾಡಿಸಿದೆವು. ಒಳಗೆ ತುಕ್ಕು ತಿಂದು ತೆಳುವಾದ ಟ್ಯಾಂಕು ಒಡೆದರೆ ಪ್ರಾಣಕ್ಕೇ ಅಪಾಯ. ಪರೀಕ್ಷೆಗೆ ಟ್ಯಾಂಕಿನ ತುಂಬ ನೀರು ತುಂಬಿ ಒತ್ತಡ ಕೊಡುತ್ತಾರೆ. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ, ಟ್ಯಾಂಕು ಬಿರುಕು ಬಿಟ್ಟರೂ ಸಿಡಿಯದೆ ಸೋರುತ್ತದೆ. ನಮ್ಮ ಪುಣ್ಯಕ್ಕೆ ಟ್ಯಾಂಕು ಗಟ್ಟಿಯಾಗಿತ್ತು.

ಉಪಸಂಹಾರ

ಸವೆದದ್ದನ್ನು ಬದಲಿಸುವುದು ಸುಲಭ. ಸವೆಸಿದ ಕಾರಣವನ್ನು ಬದಲಿಸದಿದ್ದರೆ ಹೊಸ ಯಂತ್ರವೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮೇಲೆ ಹತ್ತುವ ಆತುರದಲ್ಲಿ, ಮೊಣಕಾಲೂರಿ ಮಾಡಬೇಕಾದ ಎರಡು ನಿಮಿಷದ ಕೆಲಸವನ್ನು ಬಿಟ್ಟೆ. ಅದರ ಬೆಲೆಯನ್ನು ತಂದೆಯವರು ಬಾಯಿಯಲ್ಲಿ ಮೊಳೆ ಹಿಡಿದು ತೆತ್ತರು.

ಈಗ ಸಂಜೆಯ ರೈಲಿಳಿದು ನೇರವಾಗಿ ಅಂಗಡಿಗೆ ಹೋಗುತ್ತೇನೆ. ತಿರುಪು ಸಡಿಲಿಸಿ, ನೀರು ಬಿಟ್ಟು, ಗನ್ನಿಗೆ ಎರಡು ತೊಟ್ಟು ಎಣ್ಣೆ ಹಾಕಿ, ಕೈ ತೊಳೆದು ಪುಸ್ತಕ ಹಿಡಿಯುತ್ತೇನೆ. ಪರೀಕ್ಷೆ ಮುಗಿಸಿ ನಾನು ಬೇರೆ ಊರಿಗೆ ಕೆಲಸಕ್ಕೆ ಹೋಗಬಹುದು. ಆಗ ಮರೆಯದಿರಲೆಂದು, ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗನಿಗೆ ಕಾರಣ ಸಹಿತ ಎಲ್ಲವನ್ನೂ ತೋರಿಸಿಕೊಟ್ಟಿದ್ದೇನೆ. ಮೊನ್ನೆ ನಾನು ಬರುವಷ್ಟರಲ್ಲಿ ಅವನೇ ನೀರು ಬಿಟ್ಟಿದ್ದ. ಚೊಂಬಿನ ತಳದಲ್ಲಿ ನಾಲ್ಕು ಚಮಚದಷ್ಟು ನೀರಿತ್ತು, ತಿಳಿಯಾಗಿತ್ತು.