ನಮ್ಮ ಹೊಲಕ್ಕೆ ಗಾಳಿಯಂತ್ರ ಒಗ್ಗುವುದೇ?

ನಮ್ಮ ವಾಚನಾಲಯಕ್ಕೆ ಬರುವ ಗೃಹಸ್ಥರೊಬ್ಬರು ಸಟಾಣಾದ ಹೊರಗೆ ಒಂದೆಕರೆ ಹೊಲ ಕೊಂಡಿದ್ದಾರೆ. ಮನೆಯ ತಾರಸಿಯ ಮೇಲೆ ವಿದ್ಯುತ್ತಿನ ಸಣ್ಣ ಗಾಳಿಯಂತ್ರ ನಿಲ್ಲಿಸಿ ಈರುಳ್ಳಿಗೆ ನೀರೆತ್ತಬೇಕೆಂಬುದು ಅವರ ಆಸೆ. ಕೂಡಿಟ್ಟ ಹಣವನ್ನೆಲ್ಲ ಅದಕ್ಕೇ ಹಾಕಲು ಸಿದ್ಧರಾಗಿದ್ದರು. “ನೆರೆಯ ಸಾಕ್ರಿ ತಾಲ್ಲೂಕಿನ ಬ್ರಾಹ್ಮಣವೇಲಿನಲ್ಲಿ ಅಷ್ಟೊಂದು ಯಂತ್ರಗಳು ತಿರುಗುತ್ತಿಲ್ಲವೇ?” ಎಂದು ನಮ್ಮನ್ನು ಕೇಳಿದರು. ತಿರುಗುತ್ತಿವೆ, ನಿಜ. ಆದರೆ ಅವು ಗುಡ್ಡದ ನೆತ್ತಿಯಲ್ಲಿ, ಬಲು ಎತ್ತರದ ಕಂಬಗಳ ಮೇಲಿವೆ. ಆರಂ ನದಿಯ ಬಯಲಿನ ಹೊಲಕ್ಕೆ ಆ ಹೋಲಿಕೆ ಸಲ್ಲದು.

ಮೊದಲು ಲೆಕ್ಕ ನೋಡೋಣ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಎಂಟು ಮಡಿಯಾಗುತ್ತದೆ. ೨ ಮೀಟರ್ ವ್ಯಾಸದ ಚಕ್ರದಿಂದ, ಸೆಕೆಂಡಿಗೆ ೬ ಮೀಟರ್ ಗಾಳಿಯಲ್ಲಿ ಸುಮಾರು ೧೦೦ ವಾಟ್ ದೊರೆತೀತು; ೩ ಮೀಟರಿಗೆ ಇಳಿದರೆ ೧೩ ವಾಟ್, ಎಂದರೆ ಒಂದು ದೀಪಕ್ಕಾಗುವಷ್ಟು. ಮಾರುವವರ ಪತ್ರಿಕೆಯಲ್ಲಿ ಅಚ್ಚಾಗುವ ಅಂಕಿ ಸಾಮಾನ್ಯವಾಗಿ ಬಿರುಗಾಳಿಯದು.

ಎರಡನೆಯದು ಎತ್ತರ. ಮನೆ, ಮರಗಳಿಗೆ ತಾಗಿದ ಗಾಳಿ ಸುಳಿಸುಳಿಯಾಗಿ ಒಡೆಯುತ್ತದೆ. ಶಕ್ತಿಯೂ ಹೋಯಿತು, ರೆಕ್ಕೆಗೂ ಪೆಟ್ಟು. ತಾರಸಿ ಬೇಡವೆನ್ನಲು ಇದೇ ಕಾರಣ; ಸಾಲದ್ದಕ್ಕೆ ಗೋಡೆಗಳೂ ನಡುಗುತ್ತವೆ. ಸುತ್ತ ೩೦೦ ಅಡಿಯೊಳಗಿನ ಎಲ್ಲಕ್ಕಿಂತಲೂ ರೆಕ್ಕೆಯ ಕೆಳತುದಿ ೩೦ ಅಡಿಯಾದರೂ ಮೇಲಿರತಕ್ಕದ್ದು. ೪೦ ಅಡಿಯ ಬೇವಿನ ಮರವಿದ್ದರೆ ಕಂಬ ೭೦ ಅಡಿ ದಾಟಬೇಕು. ದುರಸ್ತಿಗಾಗಿ ಅದನ್ನು ಮಲಗಿಸಲು ಅಷ್ಟೇ ಉದ್ದದ ತೆರವು ಬೇಕು; ಉರುಳಿದರೂ ವಿದ್ಯುತ್ ತಂತಿಗೆ ತಾಗಬಾರದು.

ಸುಲಭವಾದ ಪರೀಕ್ಷೆಯೊಂದುಂಟು. ತಂತಿಗಳಿಲ್ಲದ ಬಯಲಿನಲ್ಲಿ ಗಾಳಿಪಟ ಹಾರಿಸಿ, ದಾರಕ್ಕೆ ಅಲ್ಲಲ್ಲಿ ಬಟ್ಟೆಯ ಚೂರು ಕಟ್ಟಿರಿ. ಚೂರು ಒದ್ದಾಡುವೆಡೆ ಸುಳಿ; ನೆಟ್ಟಗೆ ಚಾಚಿ ನಿಂತಲ್ಲಿ ಒಳ್ಳೆಯ ಗಾಳಿ. ಹಣ ಹಾಕುವ ಮುನ್ನ ಮಾತ್ರ ಕಂಬದ ತುದಿಯಲ್ಲಿ ಬಟ್ಟಲುಗಳ ವೇಗಮಾಪಕವಿಟ್ಟು ಒಂದು ವರ್ಷವಾದರೂ ಬರೆದಿಡಬೇಕು.

ವರ್ಷವೇಕೆಂದರೆ, ಇಲ್ಲಿ ಗಾಳಿಯ ಜೋರು ಜೂನಿನಿಂದ ಆಗಸ್ಟಿನವರೆಗೆ. ಆಗ ಮಳೆಯೇ ನೀರು ಕೊಡುತ್ತದೆ. ಹಿಂಗಾರಿನ ಈರುಳ್ಳಿ ನೀರು ಬೇಡುವ ಡಿಸೆಂಬರ್, ಜನವರಿಯಲ್ಲಿ ಗಾಳಿ ಮಂಕು. ಮಳೆಗಾಲದ ಗಾಳಿಯನ್ನು ಬ್ಯಾಟರಿಯಲ್ಲಿ ಚಳಿಗಾಲಕ್ಕೆ ಕೂಡಿಡುವುದು ಆಗದ ಮಾತು. ನೀರೆತ್ತುವ ಗಾಳಿಯಂತ್ರವನ್ನು ನಾವು ಹಳಿಯುತ್ತಿಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವೇ ೧೯೬೦ರ ದಶಕದಲ್ಲಿ ಒಂದನ್ನು ರೂಪಿಸಿತ್ತು. ಆದರೆ ಈ ಹೊಲಕ್ಕೆ, ಈ ಬೆಳೆಗೆ, ಬಿಸಿಲಿನ ಫಲಕವೇ ಮೇಲೆಂದು ನಮಗೆ ತೋರುತ್ತದೆ.

ಗೃಹಸ್ಥರು ಮುಂಗಡ ಕೊಟ್ಟಿಲ್ಲ. ಗಾಳಿಪಟಕ್ಕೆ ದಾರ ತಂದಿದ್ದಾರೆ.