ನೆಲದ ನೈರ್ಮಲ್ಯ ಮತ್ತು ಆರೋಗ್ಯ: ತಂತಿರಹಿತ ವ್ಯಾಕ್ಯೂಮ್ ಮಾಪ್‌ನ ಸರಿಯಾದ ಬಳಕೆ

ಮನೆಯೊಳಗೆ ನಮ್ಮ ದೇಹಕ್ಕೆ ಸದಾ ತಾಗಿರುವುದು ನೆಲ. ಪೂಜೆಗೆ ಕುಳಿತುಕೊಳ್ಳುವುದು, ಪ್ರಸಾದ ಸ್ವೀಕರಿಸುವುದು, ಕೂಸು ಅಂಬೆಗಾಲಿಡುವುದು, ಹಿರಿಯರು ಮಧ್ಯಾಹ್ನ ಚಾಪೆ ಹಾಸಿ ವಿಶ್ರಮಿಸುವುದು ಎಲ್ಲವೂ ಅದರ ಮೇಲೆಯೇ. ಆದುದರಿಂದ ನೆಲದ ಶುಚಿತ್ವವು ಅಂದಚೆಂದಕ್ಕಿಂತ ಮಿಗಿಲಾಗಿ ಆರೋಗ್ಯಕ್ಕೆ ಸಂಬಂಧಿಸಿದ ವಿಷಯವಾಗಿದೆ. ಕಸವನ್ನು ಹೀರಿ, ಜೊತೆಯಲ್ಲಿಯೇ ನೆಲವನ್ನು ಒರೆಸುವ ತಂತಿರಹಿತ ವ್ಯಾಕ್ಯೂಮ್ ಮಾಪ್ ಎಂಬ ಯಂತ್ರವು ಈಚೆಗೆ ಅನೇಕ ಮನೆಗಳಿಗೆ ಬಂದಿದೆ. ಮಕ್ಕಳು ತಂದೆತಾಯಿಗಳಿಗೆ ಪ್ರೀತಿಯಿಂದ ಕೊಡಿಸಿದ ಈ ಯಂತ್ರವು, ಬಳಸುವ ಕ್ರಮ ತಿಳಿಯದೆ ಮೂಲೆ ಸೇರುವುದುಂಟು. ತಪ್ಪು ಬಳಕೆಯಿಂದ ಕೊಳೆಯನ್ನೇ ಹರಡುವುದೂ ಉಂಟು. ಅದರ ಕ್ರಮವನ್ನು ಇಲ್ಲಿ ಅರಿಯೋಣ.

ರೂಢಿಯ ಕ್ರಮದ ಮೂರು ತೊಡಕುಗಳು

ಒಣ ಪೊರಕೆಯಿಂದ ಗುಡಿಸಿದಾಗ ದಪ್ಪ ಕಸವು ಮೊರಕ್ಕೆ ಬರುತ್ತದೆ. ಆದರೆ ನವಿರಾದ ಧೂಳು ಮೇಲೆದ್ದು ಬಹಳ ಹೊತ್ತು ಗಾಳಿಯಲ್ಲಿಯೇ ತೇಲುತ್ತದೆ. ಉಬ್ಬಸ ಹಾಗೂ ಅಲರ್ಜಿ ಉಳ್ಳವರಿಗೆ ಇದು ತೊಂದರೆಯನ್ನುಂಟುಮಾಡುತ್ತದೆ. ಇದು ಮೊದಲನೆಯ ತೊಡಕು. ಒಂದೇ ಬಕೆಟ್ಟಿನ ನೀರಿನಲ್ಲಿ ಬಟ್ಟೆಯನ್ನು ಮತ್ತೆ ಮತ್ತೆ ಅದ್ದಿದಾಗ, ಎರಡನೆಯ ಕೋಣೆಗೆ ಬರುವಷ್ಟರಲ್ಲಿ ನಾವು ಕೊಳೆನೀರನ್ನೇ ನೆಲಕ್ಕೆ ಬಳಿಯುತ್ತಿರುತ್ತೇವೆ. ಇದು ಎರಡನೆಯದು.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು: ಒದ್ದೆ ನೆಲ. ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನರು ಬಿದ್ದು ಮೃತಪಡುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜಿಸಿದೆ. ಇಂತಹ ಮಾರಕ ಬೀಳುವಿಕೆಯು 60 ವರ್ಷ ದಾಟಿದವರಲ್ಲಿಯೇ ಹೆಚ್ಚು. ಮೂಳೆ ಸವೆದ ವಯಸ್ಸಿನಲ್ಲಿ ಒಮ್ಮೆ ಜಾರಿ ಬಿದ್ದರೆ ಸೊಂಟದ ಕೀಲಿನ ಮೂಳೆ ಮುರಿಯಬಹುದು. ಅಲ್ಲಿಯವರೆಗೆ ಸ್ವತಂತ್ರವಾಗಿ ನಡೆದಾಡುತ್ತಿದ್ದ ತಾಯಿಯೊಬ್ಬರು ಹಾಸಿಗೆ ಹಿಡಿಯಲು ಅಂಗೈಯಗಲದ ತೇವವೇ ಸಾಕು.

ಯಂತ್ರದ ಕಾರ್ಯವಿಧಾನ

ಈ ಯಂತ್ರದಲ್ಲಿ ಎರಡು ಟ್ಯಾಂಕುಗಳಿರುತ್ತವೆ. ಒಂದರಿಂದ ಶುದ್ಧ ನೀರು ವೇಗವಾಗಿ ಉರುಳುವ ಬ್ರಷ್ಷಿಗೆ ಇಳಿಯುತ್ತದೆ. ಬ್ರಷ್ಷು ಕೊಳೆಯನ್ನು ಉಜ್ಜಿ ಎತ್ತುತ್ತದೆ. ಹೀರುವ ಮೋಟಾರು ಕೊಳೆನೀರನ್ನು ಇನ್ನೊಂದು ಟ್ಯಾಂಕಿಗೆ ಸೆಳೆಯುತ್ತದೆ. ಹೀಗಾಗಿ ಧೂಳು ಏಳುವುದಿಲ್ಲ, ಕೊಳೆನೀರು ಶುದ್ಧ ನೀರಿನೊಡನೆ ಬೆರೆಯುವುದಿಲ್ಲ, ನೆಲವೂ ಬೇಗನೆ ಒಣಗುತ್ತದೆ. ನಿಂತುಕೊಂಡೇ ಬಳಸುವುದರಿಂದ ಮಂಡಿ ಮತ್ತು ಬೆನ್ನಿಗೆ ಆಯಾಸ ಕಡಿಮೆ. ಕೊಳೆನೀರಿನ ಟ್ಯಾಂಕಿಲ್ಲದೆ ಕೇವಲ ತೇವದ ಬಟ್ಟೆಯಿಂದ ಒರೆಸುವ ಮಾದರಿಗಳೂ ಇವೆ. ಅವುಗಳ ಬಟ್ಟೆಯನ್ನು ಕೋಣೆಗೊಮ್ಮೆಯಾದರೂ ಬದಲಾಯಿಸಬೇಕು.

ಬಳಸುವ ಕ್ರಮ

1. ಕಾಗದ, ದಾರ, ಉದ್ದ ಕೂದಲುಗಳನ್ನು ಮೊದಲು ಕೈಯಿಂದ ಆಯ್ದು ತೆಗೆಯಿರಿ. ಇಲ್ಲವಾದರೆ ಅವು ಬ್ರಷ್ಷಿಗೆ ಸುತ್ತಿಕೊಳ್ಳುತ್ತವೆ. ರಂಗೋಲಿ ಪುಡಿಯು ನೀರು ಸೇರಿದೊಡನೆ ಕೆಸರಾಗಿ ಕೊಳವೆಯಲ್ಲಿ ಕಟ್ಟಿಕೊಳ್ಳಬಹುದು. ಅದನ್ನು ತೇವದ ಬಟ್ಟೆಯಿಂದ ಪ್ರತ್ಯೇಕವಾಗಿ ತೆಗೆಯುವುದು ಲೇಸು.
2. ಆರದ ಊದುಬತ್ತಿ, ಕರ್ಪೂರ, ಕೆಂಡ ಅಥವಾ ಬಿಸಿ ಬೂದಿಯ ಮೇಲೆ ಯಂತ್ರವನ್ನು ಎಂದಿಗೂ ಓಡಿಸಬಾರದು. ಸೀಮೆಎಣ್ಣೆ, ಪೆಟ್ರೋಲುಗಳನ್ನೂ ಹೀರಿಸಬಾರದು. ಇವು ಬೆಂಕಿಗೆ ಕಾರಣವಾಗುತ್ತವೆ.
3. ಅಡುಗೆಮನೆಯಲ್ಲಿ ಚೆಲ್ಲಿದ ಎಣ್ಣೆಯನ್ನು ಮೊದಲು ಹಳೆಯ ಪತ್ರಿಕೆಯಿಂದ ಒತ್ತಿ ತೆಗೆಯಿರಿ.
4. ಕೋಣೆಯ ಒಳಮೂಲೆಯಿಂದ ಆರಂಭಿಸಿ ಬಾಗಿಲ ಕಡೆಗೆ ನಿಧಾನವಾಗಿ ಹಿಂದೆ ಸರಿಯಿರಿ. ಅವಸರದಿಂದ ಓಡಿಸಿದರೆ ನೀರು ನೆಲದಲ್ಲಿಯೇ ಉಳಿಯುತ್ತದೆ.
5. ನೆಲವು ಪೂರ್ಣವಾಗಿ ಒಣಗುವವರೆಗೆ ಹಿರಿಯರೂ ಮಕ್ಕಳೂ ಆ ಕೋಣೆಗೆ ಬಾರದಂತೆ ನೋಡಿಕೊಳ್ಳಿರಿ, ಫ್ಯಾನನ್ನು ಹಚ್ಚಿರಿ.

ಬಳಸಿದ ನಂತರ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕೊಳೆನೀರಿನ ಟ್ಯಾಂಕನ್ನು ಆ ಕ್ಷಣವೇ ಖಾಲಿ ಮಾಡಿ ತೊಳೆಯಬೇಕು. ಒಂದು ರಾತ್ರಿ ಹಾಗೆಯೇ ಬಿಟ್ಟರೆ ಅದರಲ್ಲಿ ರೋಗಾಣುಗಳು ಬೆಳೆದು ದುರ್ಗಂಧ ಹುಟ್ಟುತ್ತದೆ. ಮರುದಿನ ಅದೇ ಯಂತ್ರದಿಂದ ಒರೆಸಿದರೆ ನೆಲ ಶುದ್ಧವಾಗುವುದಾದರೂ ಹೇಗೆ? ಬ್ರಷ್ಷನ್ನು ತೊಳೆದು ಗಾಳಿಯಾಡುವಲ್ಲಿ ಒಣಗಿಸಿರಿ. ತೊಳೆಯಬಹುದಾದ ಫಿಲ್ಟರನ್ನು ಸಂಪೂರ್ಣ ಒಣಗಿದ ಬಳಿಕವೇ ಮರಳಿ ಜೋಡಿಸಿರಿ. ಯಂತ್ರದೊಡನೆ ಬಂದ ಚಾರ್ಜರನ್ನೇ ಬಳಸಿ, ತೇವವಿಲ್ಲದ ಸ್ಥಳದಲ್ಲಿ ಚಾರ್ಜ್ ಮಾಡಿರಿ. ಬ್ಯಾಟರಿಯು ಉಬ್ಬಿದ್ದರೆ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು.

ನೆಲಕ್ಕೆ ತಕ್ಕ ದ್ರಾವಣ

ಶಹಾಬಾದ್ ಮತ್ತು ಕಡಪ ಕಲ್ಲುಗಳು ಸುಣ್ಣಕಲ್ಲಿನ ಜಾತಿಯವು. ಅಮೃತಶಿಲೆಯೂ ಸುಣ್ಣದ ಅಂಶದಿಂದಲೇ ಆದುದು. ಆಸಿಡ್, ವಿನೆಗರ್, ನಿಂಬೆರಸಗಳು ಇವುಗಳ ಹೊಳಪನ್ನು ತಿಂದುಹಾಕುತ್ತವೆ. ಕೆಂಪು ಗಾರೆಯ ನೆಲಕ್ಕೂ ಆಸಿಡ್ ಸಲ್ಲದು. ಇಂತಹ ನೆಲಗಳಿಗೆ ಸಾದಾ ನೀರು ಅಥವಾ ಸೌಮ್ಯವಾದ, ನೊರೆ ಕಡಿಮೆಯಿರುವ ದ್ರಾವಣವೇ ಉತ್ತಮ. ಬಟ್ಟೆ ಒಗೆಯುವ ಪುಡಿಯನ್ನು ಟ್ಯಾಂಕಿಗೆ ಹಾಕಿದರೆ ನೊರೆಯು ಮೋಟಾರಿಗೆ ಏರುವ ಭಯವಿದೆ, ನೆಲವೂ ಜಾರುತ್ತದೆ. ಬ್ಲೀಚಿಂಗ್ ದ್ರಾವಣ ಹಾಗೂ ಆಸಿಡ್‌ಗಳನ್ನು ಎಂದಿಗೂ ಬೆರೆಸಬಾರದು. ಅದರಿಂದ ಹೊರಡುವ ಕ್ಲೋರಿನ್ ಅನಿಲವು ಶ್ವಾಸಕೋಶಗಳಿಗೆ ವಿಷ.

ಯಂತ್ರವಿಲ್ಲದ ಮನೆಗಳಲ್ಲಿ

ಈ ಯಂತ್ರವು ಎಲ್ಲರಿಗೂ ಅಗತ್ಯವೆಂದೇನೂ ಅಲ್ಲ. ಅದರ ಗುಣವೆಲ್ಲವೂ ಅಡಗಿರುವುದು ಧೂಳೆಬ್ಬಿಸದಿರುವುದು, ಕೊಳೆನೀರನ್ನು ಬೇರ್ಪಡಿಸುವುದು, ತೇವ ಉಳಿಸದಿರುವುದು ಎಂಬ ಮೂರು ನಿಯಮಗಳಲ್ಲಿ. ಎರಡು ಬಕೆಟ್ಟುಗಳನ್ನಿಟ್ಟುಕೊಂಡು, ಒಂದರಲ್ಲಿ ಬಟ್ಟೆಯನ್ನು ಜಾಲಿಸಿ, ಇನ್ನೊಂದರ ಶುದ್ಧ ನೀರಿನಲ್ಲಿ ಅದ್ದಿ, ಬಿಗಿಯಾಗಿ ಹಿಂಡಿ ಒರೆಸಿ, ಕೊನೆಯಲ್ಲಿ ಒಣಬಟ್ಟೆ ಆಡಿಸಿದರೆ ಇದೇ ಫಲ ದೊರೆಯುತ್ತದೆ. ಕೊಳೆ ತುಂಬಿದ ಟ್ಯಾಂಕಿನ ದುಬಾರಿ ಯಂತ್ರಕ್ಕಿಂತ ಚೆನ್ನಾಗಿ ಹಿಂಡಿದ ಹಳೆಯ ಬಟ್ಟೆಯೇ ಮೇಲು.

ಸಾಧನವು ಯಾವುದೇ ಇರಲಿ, ನೆಲ ಒರೆಸಿ ಮುಗಿಸಿದ ಮೇಲೆ ಒಮ್ಮೆ ಬರಿಗೈಯಿಂದ ಮುಟ್ಟಿ ನೋಡಿರಿ. ಅಂಗೈಗೆ ಧೂಳೂ ತೇವವೂ ಅಂಟದಿದ್ದರೆ, ಮನೆಯ ಹಿರಿಯರು ಅಲ್ಲಿ ನಿರ್ಭಯವಾಗಿ ಹೆಜ್ಜೆಯಿಡಬಹುದು.