ಗುರುವಾರ ಬುಕ್, ಸೋಮವಾರ ಹಡಗು

ಹೂಸ್ಟನ್ನಿನ ಎನರ್ಜಿ ಕಾರಿಡಾರಿನ ಕಚೇರಿಗಳಲ್ಲಿ ಗುರುವಾರ ಮಧ್ಯಾಹ್ನ ಕಳೆದ ಮೇಲೆ ಇಂಥದೊಂದು ಆಸೆ ಮೊಳೆಯುವುದು ಸಹಜ. ಸೋಮವಾರ ಗ್ಯಾಲ್ವೆಸ್ಟನ್‌ನಿಂದ ಹಡಗು ಹೊರಡುತ್ತದಂತೆ, ಐದು ರಾತ್ರಿಯಂತೆ, ದರ ಇಳಿದಿದೆಯಂತೆ, ಮಕ್ಕಳನ್ನು ಕಟ್ಟಿಕೊಂಡು ಹೊರಟುಬಿಡೋಣವೇ? ಕೇಟಿಯ ಮನೆಯೊಂದರಲ್ಲಿ ಹುಟ್ಟಿದ ಪ್ರಶ್ನೆ ಊಟದ ಹೊತ್ತಿಗೆ ವಾಟ್ಸಾಪ್ ಹತ್ತಿ ಆಸ್ಟಿನ್, ಫ್ರಿಸ್ಕೋ ಮುಟ್ಟುತ್ತದೆ. ಮಲಗುವ ಹೊತ್ತಿಗೆ "ನಾವೂ ಬರ್ತೀವಿ" ಎನ್ನುವವರು ನಾಲ್ಕು ಮನೆಯವರಾಗಿರುತ್ತಾರೆ.

ನನ್ನ ಉತ್ತರ ಇಷ್ಟು: ಇಬ್ಬರೇ ಆದರೆ ಹೊರಡಿ. ನಾಲ್ವರಾದರೆ ಕಾಗದಪತ್ರ ನೋಡಿಕೊಂಡು ಹೊರಡಿ. ಊರಿಂದ ಅಪ್ಪ ಅಮ್ಮ ಬಂದಿದ್ದು ಒಟ್ಟು ಆರು ಜನ, ಅದೂ ಮಾರ್ಚ್ ರಜೆಯಲ್ಲಿ ಎಂದಾದರೆ ಈ ಸಲ ಬಿಡಿ, ಮುಂದಿನ ವರ್ಷದ್ದನ್ನು ಈಗಲೇ ಕಾದಿರಿಸಿ. ಹಡಗಿನ ಟಿಕೆಟ್ ಕಡೇ ಗಳಿಗೆಯಲ್ಲಿ ಸಿಗುತ್ತದೆ. ಅದಕ್ಕೆ ಬೇಕಾದ ಮಿಕ್ಕ ಯಾವುದೂ ಆ ಗಳಿಗೆಯಲ್ಲಿ ಸಿಗುವುದಿಲ್ಲ.

1. ಕಾರಿನಲ್ಲಿ ತಲುಪುವ ಬಂದರನ್ನೇ ಹಿಡಿಯಿರಿ

ಟೆಕ್ಸಾಸಿನವರಿಗೆ ಈ ಆಟದಲ್ಲಿ ಇರುವ ದೊಡ್ಡ ಅನುಕೂಲವೇ ಇದು. ಐ-45 ಹೆದ್ದಾರಿ ಡಾಲಸ್‌ನಿಂದ ಹೊರಟು, ಹೂಸ್ಟನ್ ಹಾಯ್ದು, ಗ್ಯಾಲ್ವೆಸ್ಟನ್ ದ್ವೀಪದಲ್ಲೇ ಮುಗಿಯುತ್ತದೆ. ಎನರ್ಜಿ ಕಾರಿಡಾರಿನಿಂದ ಸುಮಾರು 70 ಮೈಲಿ, ಆಸ್ಟಿನ್‌ನಿಂದ 210ರ ಆಸುಪಾಸು, ಡಾಲಸ್‌ನಿಂದ 290. ಮಯಾಮಿಯಿಂದ ಹೊರಡುವ ಹಡಗಿನ ದರ ಇನ್ನೂ ಇನ್ನೂರು ಡಾಲರ್ ಕಡಿಮೆ ಕಂಡರೂ, ನಾಲ್ಕು ಜನರ ಕಡೇ ಗಳಿಗೆಯ ವಿಮಾನ ಟಿಕೆಟ್ ಅದನ್ನು ನುಂಗಿ ನೀರು ಕುಡಿಯುತ್ತದೆ.

ಗ್ಯಾಲ್ವೆಸ್ಟನ್‌ನಲ್ಲಿ ಆಯ್ಕೆಯೂ ಬೆಳೆದಿದೆ. 2000ದಲ್ಲಿ ಕಾರ್ನಿವಲ್ ಇಲ್ಲಿಂದ ವರ್ಷವಿಡೀ ಹಡಗು ಬಿಡಲು ಶುರುಮಾಡಿತು. 2022ರ ನವೆಂಬರಿನಲ್ಲಿ ರಾಯಲ್ ಕೆರಿಬಿಯನ್ ತನ್ನದೇ ಟರ್ಮಿನಲ್ ತೆರೆಯಿತು. 2025ರ ಕೊನೆಗೆ ಎಂಎಸ್‌ಸಿಯೂ ಬಂತು. ಹಡಗು ಹೆಚ್ಚಿದಷ್ಟೂ ತುಂಬದೆ ಉಳಿಯುವ ಕ್ಯಾಬಿನ್ ಹೆಚ್ಚು, ನಿಮಗೆ ಚೌಕಾಸಿಯ ಬಲವೂ ಹೆಚ್ಚು.

2. ದರ ಏಕೆ ಇಳಿಯಿತು ಎಂದು ತಿಳಿದುಕೊಳ್ಳಿ

ಮೊದಲೇ ಕಾದಿರಿಸಿದವರು ಪೂರ್ತಿ ಹಣ ಕಟ್ಟಬೇಕಾದ ಗಡುವು ಸಾಮಾನ್ಯವಾಗಿ ಹೊರಡುವ ದಿನಕ್ಕೆ ಎರಡೂವರೆಯಿಂದ ಮೂರು ತಿಂಗಳು ಮುಂಚೆ ಬರುತ್ತದೆ. ಆಗ ಒಂದಷ್ಟು ಜನ ಹಿಂದೆ ಸರಿಯುತ್ತಾರೆ, ಅವರ ಕ್ಯಾಬಿನ್‌ಗಳು ಮತ್ತೆ ಮಾರಾಟಕ್ಕೆ ಬರುತ್ತವೆ. ನಿಜವಾದ ಅಗ್ಗದ ಕಿಂಡಿ ಈ ಗಡುವು ಕಳೆದ ಮೇಲಿನ ವಾರಗಳೇ, ಹಡಗು ಬಿಡುವ ಹಿಂದಿನ ರಾತ್ರಿಯಲ್ಲ. "ಕಡೇ ಗಳಿಗೆ" ಎಂದರೆ ಆರರಿಂದ ಎಂಟು ವಾರ ಮುಂಚೆ ಎಂದು ನೀವೇ ಅರ್ಥ ಮಾಡಿಕೊಂಡರೆ ಅರ್ಧ ಗೆದ್ದಂತೆ.

ಆಮೇಲೆ ಸಿಗುವುದು ಮದುವೆ ಮನೆಯ ಕಡೇ ಪಂಕ್ತಿಯ ಊಟ. ಹೊಟ್ಟೆ ತುಂಬುತ್ತದೆ, ಹೋಳಿಗೆ ಉಳಿದಿರುತ್ತದೆ ಎಂಬ ಭರವಸೆ ಇಲ್ಲ. ಅತಿ ಕಡಿಮೆ ದರದ "ಗ್ಯಾರಂಟಿ" ಕ್ಯಾಬಿನ್ ಎಂದರೆ ಕ್ಯಾಬಿನ್ ಸಿಗುವುದು ಖಚಿತ, ಯಾವುದು ಎಂಬುದನ್ನು ಕಂಪನಿ ತೀರ್ಮಾನಿಸುತ್ತದೆ ಎಂದಷ್ಟೇ. ಅದು ಡಿಸ್ಕೋ ಮೇಲಿನದೂ ಆಗಬಹುದು, ಲಿಫ್ಟಿನಿಂದ ಬಲು ದೂರದ್ದೂ ಆಗಬಹುದು. ಪೂರ್ತಿ ಹಣದ ಗಡುವಿನ ಈಚೆ ಬುಕ್ ಮಾಡಿದವರು ಪೂರ್ತಿ ಹಣ ಒಟ್ಟಿಗೆ ಕಟ್ಟಬೇಕು. ಹೊರಡಲು ಎರಡು ವಾರ ಉಳಿದಾಗ ಮನಸ್ಸು ಬದಲಾಯಿಸಿದರೆ ತೆರಿಗೆ, ಬಂದರು ಶುಲ್ಕ ಬಿಟ್ಟು ಮಿಕ್ಕಿದ್ದು ಸಾಮಾನ್ಯವಾಗಿ ಕೈಬಿಟ್ಟಂತೆಯೇ.

3. ತಲೆ ಎಣಿಸಿ, ಆಮೇಲೆ ದರ ನೋಡಿ

ಜಾಹೀರಾತಿನ ದರ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಎಂಬ ಲೆಕ್ಕದ್ದು. ಮೂರನೆಯ, ನಾಲ್ಕನೆಯವರಿಗೆ ಮೇಲಿಂದ ಇಳಿಸುವ ಮಂಚವಿರುವ ಕ್ಯಾಬಿನ್ ಬೇಕು. ಅಂಥವು ಕಡಿಮೆ, ಮೊದಲು ಖಾಲಿಯಾಗುವುದೂ ಅವೇ. ಐದು ಜನರಿಗೆ ಒಂದೇ ಕ್ಯಾಬಿನ್ ಕಡೇ ಗಳಿಗೆಯಲ್ಲಿ ಸಿಕ್ಕರೆ ಅದನ್ನು ಪವಾಡವೆಂದೇ ತಿಳಿಯಿರಿ.

ಇದರ ಹಿಂದೆ ಇನ್ನೊಂದು ಸಂಗತಿಯಿದೆ. ಹಡಗಿನ ಪ್ರತಿ ಭಾಗದ ಪ್ರಯಾಣಿಕರಿಗೂ ಗೊತ್ತುಮಾಡಿದ ಜೀವರಕ್ಷಕ ದೋಣಿ ಇರುತ್ತದೆ. ಆ ದೋಣಿಯ ಲೆಕ್ಕ ತುಂಬಿದರೆ, ಕ್ಯಾಬಿನ್‌ನಲ್ಲಿ ಮಂಚ ಖಾಲಿ ಇದ್ದರೂ ಮೂರನೆಯವರನ್ನು ಸೇರಿಸುವುದಿಲ್ಲ. ವೆಬ್‌ಸೈಟಿನಲ್ಲಿ "ಇಬ್ಬರು" ಎಂದಾಗ ಕಾಣುವ ಕ್ಯಾಬಿನ್ "ನಾಲ್ವರು" ಎಂದಾಗ ಮಾಯವಾಗುವುದಕ್ಕೆ ಇದೂ ಒಂದು ಕಾರಣ. ಹಾಗಾದಾಗ ಎರಡು ಕ್ಯಾಬಿನ್‌ಗಳ ದರವನ್ನೂ ನೋಡಿ, ಅಪ್ಪ ಒಂದು ಮಗು, ಅಮ್ಮ ಒಂದು ಮಗು ಎಂದು ಹಂಚಿಕೊಂಡು. ಎರಡು ಬಚ್ಚಲು ಸಿಗುವುದು ಬೆಳಗಿನ ಹೊತ್ತು ಸಣ್ಣ ಲಾಭವಲ್ಲ.

4. ಶಾಲೆಯ ಕ್ಯಾಲೆಂಡರಿಗೆ ವಿರುದ್ಧ ದಿಕ್ಕಿನಲ್ಲಿ ನಡೆಯಿರಿ

ಕೇಟಿ, ಫ್ರಿಸ್ಕೋ, ರೌಂಡ್ ರಾಕ್ ಎಲ್ಲ ಕಡೆಯ ಮಕ್ಕಳಿಗೂ ಮಾರ್ಚ್ ಮಧ್ಯದ ರಜೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಆ ರಜೆ, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ಮೂರರಲ್ಲೂ ಕಡೇ ಗಳಿಗೆಯ ರಿಯಾಯಿತಿಗೆ ಕಾಯುವುದು ಹಣ ಕಳೆಯುವ ದಾರಿ. ದರ ಇಳಿಯುವುದು ಆಗಸ್ಟ್ ಕೊನೆಗೆ ಶಾಲೆ ಶುರುವಾದ ಮೇಲೆ, ಸೆಪ್ಟೆಂಬರಿನಲ್ಲಿ, ಡಿಸೆಂಬರಿನ ಮೊದಲ ದಿನಗಳಲ್ಲಿ, ಜನವರಿ ಕೊನೆಯಲ್ಲಿ. ಇನ್ನೂ ಶಾಲೆ ಸೇರದ ಮಕ್ಕಳಿರುವವರಿಗೆ ಇದು ಹಬ್ಬ. ಶಾಲೆಯ ಮಕ್ಕಳನ್ನು ಬಿಡಿಸಿಕೊಂಡು ಹೋಗುವವರು ಟೆಕ್ಸಾಸಿನ ಶೇ. 90 ಹಾಜರಿಯ ನಿಯಮ ಮರೆಯಬೇಡಿ. ಜ್ವರಕ್ಕೆ, ಊರಿನ ಮದುವೆಗೆ ಈಗಾಗಲೇ ಎಷ್ಟು ದಿನ ಹೋಗಿದೆ ಎಂದು ಕೂಡಿಸಿ ನೋಡಿ.

5. ಕಾಗದಪತ್ರ: ಇಲ್ಲಿ ಅವಸರ ನಡೆಯದು

ಇತರ ಅಮೆರಿಕನ್ನರಿಗೆ ಬರೆದ ಸಲಹೆಗಳು ನಮ್ಮ ಮನೆಗಳಿಗೆ ಸಾಲದಿರುವುದು ಈ ವಿಷಯದಲ್ಲೇ. ಒಂದೇ ಕ್ಯಾಬಿನ್‌ನಲ್ಲಿ ಅಪ್ಪ ಎಚ್-1ಬಿ, ಅಮ್ಮ ಎಚ್-4, ಮಗಳು ಅಮೆರಿಕದ ಪ್ರಜೆ, ಅಜ್ಜಿ ಬಿ-2. ಒಬ್ಬೊಬ್ಬರಿಗೂ ಒಂದೊಂದು ಕಟ್ಟಳೆ.

ಗ್ಯಾಲ್ವೆಸ್ಟನ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗಿನಲ್ಲಿ ಅಮೆರಿಕದ ಪ್ರಜೆಗೆ ಪಾಸ್‌ಪೋರ್ಟ್ ಕಡ್ಡಾಯವಲ್ಲ. ಹದಿನಾರು ತುಂಬದ ಮಗುವಿಗೆ ಜನನ ಪ್ರಮಾಣಪತ್ರ ಸಾಕು. ಆದರೆ ಮಧ್ಯೆ ಯಾರಿಗಾದರೂ ಹುಷಾರು ತಪ್ಪಿ ಮೆಕ್ಸಿಕೋದಿಂದ ವಿಮಾನದಲ್ಲಿ ಮರಳಬೇಕಾದರೆ ಪಾಸ್‌ಪೋರ್ಟ್ ಬೇಕೇ ಬೇಕು. ಮಗುವಿನ ಪಾಸ್‌ಪೋರ್ಟನ್ನು ಈ ತಿಂಗಳೇ ಮಾಡಿಸಿಡಿ, ಹಡಗು ಯಾವಾಗಲಾದರೂ ಬರಲಿ. ಗ್ರೀನ್ ಕಾರ್ಡಿನವರು ಕಾರ್ಡಿನ ಜೊತೆಗೆ ಭಾರತದ ಪಾಸ್‌ಪೋರ್ಟನ್ನೂ ಇಟ್ಟುಕೊಳ್ಳಿ, ಅವಧಿ ಮುಗಿದಿದೆಯೇ ನೋಡಿ.

ಎಚ್-1ಬಿ, ಎಚ್-4ನವರೇ, ನಿಮ್ಮ ಮೊದಲ ಪ್ರಶ್ನೆ ದರವಲ್ಲ, ಪಾಸ್‌ಪೋರ್ಟಿನಲ್ಲಿರುವ ವೀಸಾ ಮುದ್ರೆಯ ತಾರೀಖು. ಅದು ಚಾಲ್ತಿಯಲ್ಲಿದ್ದರೆ ಮೆಕ್ಸಿಕೋ ಬೇರೆ ವೀಸಾ ಕೇಳುವುದಿಲ್ಲ. ಮುಗಿದಿದ್ದರೂ, ದೇಶದೊಳಗೆ ಇರುವ ಅವಧಿಯ ದಾಖಲೆ ಐ-94 ಜೀವಂತವಿದ್ದರೆ, ಮೂವತ್ತು ದಿನ ಮೀರದ ಮೆಕ್ಸಿಕೋ ಪ್ರವಾಸದಿಂದ ಮರಳಿ ಬರಲು ಅಮೆರಿಕದ ನಿಯಮದಲ್ಲಿ ಒಂದು ಸಣ್ಣ ಬಾಗಿಲಿದೆ. ಆದರೆ ನಿಮಗೆ ಆ ಬಾಗಿಲು ಮೆಕ್ಸಿಕೋ, ಕೆನಡಾಗೆ ಮಾತ್ರ. ಏಳು ರಾತ್ರಿಯ ಹಡಗು ಹೊಂಡುರಾಸ್‌ನ ರೋಟಾನ್‌ನಲ್ಲೋ ಬೆಲೀಜ್‌ನಲ್ಲೋ ನಿಲ್ಲುವುದಾದರೆ ಅದನ್ನು ನಂಬಿ ಹೊರಡಬೇಡಿ. ಅದೂ ಅಲ್ಲದೆ, ಅಮೆರಿಕ ಒಳಗೆ ಬಿಟ್ಟುಕೊಳ್ಳುತ್ತದೆ ಎಂದ ಮಾತ್ರಕ್ಕೆ ಟರ್ಮಿನಲ್ಲಿನ ಕೌಂಟರಿನವರು ಹಡಗು ಹತ್ತಿಸುತ್ತಾರೆ ಎಂದಲ್ಲ. ಮುದ್ರೆ ಮುಗಿದವರು ಮನೆಯಲ್ಲಿರಿ ಎಂಬುದೇ ನನ್ನ ಮಾತು. ಸ್ಯಾನ್ ಆಂಟೋನಿಯೋದಲ್ಲೂ ದೋಣಿವಿಹಾರವಿದೆ.

ಗ್ರೀನ್ ಕಾರ್ಡಿಗೆ ಐ-485 ಹಾಕಿ ಕಾಯುತ್ತಿರುವವರು ಎಚ್-1ಬಿ, ಎಚ್-4 ಬಿಟ್ಟು ಬರೀ ಕೆಲಸದ ಪರವಾನಗಿ (ಇಎಡಿ) ಮೇಲಿದ್ದರೆ, ಮರಳಿ ಬರುವ ಅನುಮತಿಯಾದ ಅಡ್ವಾನ್ಸ್ ಪೆರೋಲ್ ಇಲ್ಲದೆ ದೇಶ ದಾಟಿದೊಡನೆ ಅರ್ಜಿಯನ್ನೇ ಬಿಟ್ಟುಕೊಟ್ಟಂತೆ. ಒಂದು ವೀಸಾದಿಂದ ಇನ್ನೊಂದಕ್ಕೆ ಬದಲಾವಣೆ ಕೋರಿದವರಿಗೂ ಇದೇ ಗತಿ. ಐದು ರಾತ್ರಿಯ ಮೆಕ್ಸಿಕೋದ ಕೊಜ಼ುಮೆಲ್‌ಗಾಗಿ ಹಾಕಿದ ಅರ್ಜಿ ಕಳೆದುಕೊಳ್ಳುವುದು ಯಾವ ರಿಯಾಯಿತಿಗೂ ತಕ್ಕದ್ದಲ್ಲ. ನಿಯಮ ದಿಢೀರನೆ ಬದಲಾಗುವುದೂ ಉಂಟು: 2025ರ ಸೆಪ್ಟೆಂಬರ್ 19ರಂದು ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕದ ಆದೇಶ ಬಂದು, ಅದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ಸ್ಪಷ್ಟನೆ ಬರಲು ಮರುದಿನವಾಯಿತು. ಆ ರಾತ್ರಿ ಸಮುದ್ರದ ನಡುವೆ ಇದ್ದವರಿಗೆ ಕೈಕಾಲು ಆಡಿರಲಿಕ್ಕಿಲ್ಲ.

6. ಒಟ್ಟು ಮೊತ್ತ ಕೂಡಿಸಿ

2024ರ ಜುಲೈನಿಂದ ದೊಡ್ಡ ಕಂಪನಿಗಳು ತೆರಿಗೆ, ಬಂದರು ಶುಲ್ಕ ಸೇರಿಸಿಯೇ ದರ ತೋರಿಸುತ್ತಿವೆ, ಒಳ್ಳೆಯದಾಯಿತು. ಟಿಪ್ಸ್ ಮಾತ್ರ ಬೇರೆ. ತಲೆಗೆ ದಿನಕ್ಕೆ 17 ಡಾಲರ್ ಎಂದಿಟ್ಟುಕೊಂಡರೂ ನಾಲ್ವರಿಗೆ ಐದು ದಿನಕ್ಕೆ 340. ಮೇಲೆ ಬಂದರಿನ ಪಾರ್ಕಿಂಗ್, ವೈಫೈ, ದಡದ ಪ್ರವಾಸ. ಸೋಡಾ ಪ್ಯಾಕೇಜನ್ನು ಮಕ್ಕಳು ಕೇಳುತ್ತಾರೆ. ಬೇಡ ಅನ್ನಿ.

7. ಗಾಳಿ, ಮಳೆ, ಮಂಜು

ಅಗ್ಗದ ಸೆಪ್ಟೆಂಬರ್ ಚಂಡಮಾರುತದ ತಿಂಗಳೂ ಹೌದು. ಜೂನ್ 1ರಿಂದ ನವೆಂಬರ್ 30ರವರೆಗೆ ಅದರ ಕಾಲ, ಆಗಸ್ಟ್ ಮಧ್ಯದಿಂದ ಅಕ್ಟೋಬರ್ ತನಕ ಅದರ ಉಬ್ಬರ. 2017ರಲ್ಲಿ ಹಾರ್ವಿ ಬಂದಾಗ ಗ್ಯಾಲ್ವೆಸ್ಟನ್‌ಗೆ ಮರಳಬೇಕಿದ್ದ ಕೆಲವು ಹಡಗುಗಳು ನ್ಯೂ ಆರ್ಲಿಯನ್ಸ್ ಕಡೆ ತಿರುಗಿ ದಿನಸಿ ತುಂಬಿಕೊಂಡು ಕಾದವು. ಒಳಗಿದ್ದವರು ಕೆಲಸಕ್ಕೆ ಮರಳುವ ದಿನ ಕಳೆದು ಹೋಯಿತು. ಸೋಮವಾರ ಬೆಳಿಗ್ಗೆ ತಪ್ಪಿಸಲಾಗದ ಮೀಟಿಂಗ್ ಇರುವವರು ಭಾನುವಾರ ಮರಳುವ ಹಡಗು ಹಿಡಿಯಬೇಡಿ. ಚಳಿಗಾಲದಲ್ಲಿ ಬೇರೆ ಕಾಟ: ದಟ್ಟ ಮಂಜು ಕವಿದರೆ ಕಾಲುವೆಯನ್ನೇ ಮುಚ್ಚುತ್ತಾರೆ, ಹಡಗು ಹೊರಗೆ ಗಂಟೆಗಟ್ಟಲೆ ನಿಲ್ಲುತ್ತದೆ.

ಒಂದು ಸಮಾಧಾನವಿದೆ. ಕಡೇ ವಾರದಲ್ಲಿ ಬುಕ್ ಮಾಡುವವರು ಹವಾಮಾನದ ಮುನ್ಸೂಚನೆ ನೋಡಿಯೇ ಹಣ ಕಟ್ಟಬಹುದು. ಎಂಟು ತಿಂಗಳ ಹಿಂದೆ ಕಟ್ಟಿದವರಿಗೆ ಆ ಭಾಗ್ಯವಿಲ್ಲ. ಪ್ರಯಾಣ ವಿಮೆಯನ್ನು ಮಾತ್ರ ಅದೇ ದಿನ ತೆಗೆದುಕೊಳ್ಳಿ. ಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಮಾರುತಕ್ಕೆ ಉಪಯೋಗವಿಲ್ಲ.

8. ಹಿರಿಯರು ಜೊತೆಗಿದ್ದರೆ

ಹಡಗಿನ ಡಾಕ್ಟರ್ ಬಿಲ್ ನೇರ ನಿಮ್ಮ ಖಾತೆಗೆ ಬರುತ್ತದೆ. ಅಪ್ಪ ಅಮ್ಮನಿಗೆ ಇಲ್ಲಿಗೆಂದು ಮಾಡಿಸಿದ ವಿಸಿಟರ್ ವಿಮೆ ಅಮೆರಿಕದ ಹೊರಗೆ, ಸಮುದ್ರದ ಮೇಲೆ ನಡೆಯುತ್ತದೆಯೇ ಎಂದು ಫೋನ್ ಮಾಡಿ ಕೇಳಿ, ಬಾಯಿಮಾತಲ್ಲ, ಇಮೇಲಿನಲ್ಲಿ ಬರೆಸಿಕೊಳ್ಳಿ. ಹಡಗು ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಿ. ಬೆಲೀಜ್ ಸಿಟಿ, ಗ್ರ್ಯಾಂಡ್ ಕೇಮನ್‌ಗಳಲ್ಲಿ ನಡುನೀರಿನಿಂದ ಸಣ್ಣ ದೋಣಿಗೆ ಇಳಿಯಬೇಕು, ಮಂಡಿನೋವಿನವರಿಗೆ ಅದು ಕಷ್ಟ. ಪ್ರೊಗ್ರೆಸೋದಲ್ಲಿ ಹಡಗು ಕಟ್ಟೆಗೇ ನಿಲ್ಲುತ್ತದೆ, ಆರು ಕಿಲೋಮೀಟರಿಗೂ ಮಿಕ್ಕಿ ಉದ್ದದ ಆ ಕಟ್ಟೆಯ ತುದಿಯಿಂದ ಊರಿಗೆ ಬಸ್ಸು ಬಿಡುತ್ತಾರೆ. ಅಲ್ಲಿಂದ ಚಿಚೆನ್ ಇಟ್ಜಾಗೆ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಹಿರಿಯರಿಗೆ ಹತ್ತಿರದ ಮಾಯಾ ಅವಶೇಷ ಜ಼ಿಬಿಲ್ಚಾಲ್ತುನ್ ಸಾಕು.

9. ಬಸುರಿ, ಬಾಣಂತಿ

ಪ್ರವಾಸದ ನಡುವೆ 24ನೇ ವಾರಕ್ಕೆ ಕಾಲಿಡುವ ಗರ್ಭಿಣಿಯನ್ನು ಪ್ರಮುಖ ಕಂಪನಿಗಳು ಹತ್ತಿಸುವುದಿಲ್ಲ. ಆರು ತಿಂಗಳು ತುಂಬದ ಕೂಸನ್ನೂ ಅಷ್ಟೆ.

10. ಕುಕ್ಕರ್ ಬಿಟ್ಟು ಬನ್ನಿ

ರೈಸ್ ಕುಕ್ಕರ್, ಎಲೆಕ್ಟ್ರಿಕ್ ಕೆಟಲ್, ಇಸ್ತ್ರಿಪೆಟ್ಟಿಗೆ, ಇಂಥ ಯಾವುದನ್ನೂ ಒಳಗೆ ಬಿಡುವುದಿಲ್ಲ. ಮನೆಯಲ್ಲಿ ಕಟ್ಟಿದ ಪುಳಿಯೋಗರೆ ಪೊಟ್ಟಣವೂ ನಿಯಮದ ಪ್ರಕಾರ ಸಲ್ಲದು. ಸೀಲ್ ಒಡೆಯದ ಚಟ್ನಿಪುಡಿ, ಖಾರದ ಪೊಟ್ಟಣ ನಡೆಯುತ್ತದೆ. ರಾತ್ರಿಯೂಟದ ದೊಡ್ಡ ಹಾಲಿನಲ್ಲಿ ಭಾರತೀಯ ಸಸ್ಯಾಹಾರಿ ತಟ್ಟೆ ಹಲವು ಹಡಗುಗಳಲ್ಲಿ ಸಿಗುತ್ತದೆ. ಮುಂಚೆಯೇ ಬರೆದು ತಿಳಿಸುವ ಅವಧಿ ನಿಮಗೆ ದಾಟಿರುತ್ತದೆ, ಆದ್ದರಿಂದ ಹತ್ತಿದ ಮೊದಲ ಸಂಜೆಯೇ ಊಟದ ಮುಖ್ಯಸ್ಥರನ್ನು ಕಂಡು, ಮೊಟ್ಟೆ ನಡೆಯುತ್ತದೋ ಇಲ್ಲವೋ, ಈರುಳ್ಳಿ ಬೆಳ್ಳುಳ್ಳಿ ಹೇಗೆ ಎಂದು ಬಿಡಿಸಿ ಹೇಳಿ.

11. ಡಾಲಸ್, ಆಸ್ಟಿನ್‌ನವರು ಹಿಂದಿನ ರಾತ್ರಿಯೇ ಬನ್ನಿ

ಹೂಸ್ಟನ್ ಒಳಗಿನ ಐ-45ರಲ್ಲಿ ಒಂದು ಅಪಘಾತವಾದರೆ ಸಾಕು, ಹಡಗು ನಿಮ್ಮನ್ನು ಕಾಯುವುದಿಲ್ಲ. ಕೇಟಿಯ ಸ್ನೇಹಿತರ ಮನೆಯಲ್ಲಿ ಮಲಗಿ. ಅವರೂ ಬರುವವರಾದರೆ ಅವರ ಕಾರಿನ ಜೊತೆಗೇ ಹೊರಡಬಹುದು.

12. ಮರಳಿದ ಮೇಲೆ

ಬಟ್ಟೆ ಒಗೆಯಲು ಹಾಕುವ ಮುಂಚೆ ವೀಸಾದವರು ಗಡಿ ಇಲಾಖೆಯ ವೆಬ್‌ಸೈಟಿನಲ್ಲಿ ಐ-94 ತೆಗೆದು ನೋಡಿ. ಹೊಸ ದಾಖಲೆ ಬಂದಿದ್ದರೆ ಅದರ ಕೊನೆಯ ತಾರೀಖು ನಿಮ್ಮ ಅನುಮತಿಪತ್ರದ ತಾರೀಖಿಗೆ ಹೊಂದುತ್ತದೆಯೇ, ಪಾಸ್‌ಪೋರ್ಟಿನ ಅವಧಿಗೆ ಕತ್ತರಿಸಿದ್ದಾರೆಯೇ, ಮನೆಯ ಒಬ್ಬೊಬ್ಬರದನ್ನೂ ನೋಡಿ, ಪ್ರತಿ ತೆಗೆದಿಡಿ. ತಪ್ಪಿದ್ದರೆ ಕಚೇರಿಯ ವಕೀಲರಿಗೆ ಅದೇ ವಾರ ತಿಳಿಸಿ.